ಗಣತಿಯಕ್ಕ ಕಲಿಸಿದ ಐದು ಪದ

ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಗಣತಿಯಕ್ಕ ಅನ್ನುತ್ತಾರೆ. ಮನೆಗಳ ಗಣತಿಯಾಗಲಿ, ಮಕ್ಕಳ ಲಸಿಕೆಯ ಪಟ್ಟಿಯಾಗಲಿ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಹೊರಡುವವರು ಅವರೇ. ಒಂದು ವರ್ಷ ಬೀದಿನಾಯಿಗಳನ್ನು ಎಣಿಸುವ ಕೆಲಸ ಬಂದಿತ್ತು. ಕಿವಿ ಹರಿದ ಒಂದು ನಾಯಿಯನ್ನು ಎರಡು ಸಲ ಎಣಿಸಿದೆನೇನೋ ಎಂಬ ಅನುಮಾನಕ್ಕೆ, ಮರುದಿನ ಬೆಳಿಗ್ಗೆ ಅವರು ಮತ್ತೆ ಎಂಟು ಬೀದಿ ಸುತ್ತಿ ಬಂದರು.

ಕಳೆದ ವರ್ಷ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಅವರಿಗೆ ಬೇರೆ ಬಗೆಯ ಗಣತಿ ಒಪ್ಪಿಸಿದರು. ಬಡಾವಣೆಯಲ್ಲಿ ಅರವತ್ತೈದು ದಾಟಿದವರ ಪೈಕಿ ಎಷ್ಟು ಮಂದಿಗೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಇದೆ ಎಂದು ತಿಳಿಯಬೇಕಿತ್ತು. ಕೇಂದ್ರದ ಪುಸ್ತಕದಲ್ಲಿ ಇದ್ದದ್ದು ನಾಲ್ಕೇ ಹೆಸರು.

"ಇಷ್ಟು ದೊಡ್ಡ ಬಡಾವಣೇಲಿ ನಾಲ್ಕೇ ಜನ ಅಂದ್ರೆ ನಾನು ನಂಬಲ್ಲ," ಎಂದರು ಡಾಕ್ಟರಮ್ಮ. "ಉಳಿದವರು ಮನೆಯೊಳಗಿದ್ದಾರೆ. ನಿಜವಾದ ಲೆಕ್ಕ ಸಿಕ್ಕಿದ್ರೆ ಅವರಿಗೋಸ್ಕರ ವಾರಕ್ಕೊಂದು ದಿನ ಕ್ಲಿನಿಕ್ ಕೇಳಬಹುದು."

ಕೆಲಸ ಹೀಗಿತ್ತು. ಮನೆಯ ಹಿರಿಯರಿಗೆ ಐದು ಪದ ಓದಿ ಹೇಳಬೇಕು: ಏಣಿ, ಉಪ್ಪು, ನಾಯಿ, ಕಿಟಕಿ, ಚಪ್ಪಲಿ. ಆಮೇಲೆ ಐದು ನಿಮಿಷ ಬೇರೆ ಮಾತು, ಬೇರೆ ಪ್ರಶ್ನೆ. ಅದಾದ ಮೇಲೆ ಆ ಐದನ್ನು ಹೇಳಿ ಎನ್ನಬೇಕು. ಕೊನೆಗೆ ಮನೆಯವರಲ್ಲಿ ಒಬ್ಬರಿಗೆ ಹನ್ನೆರಡು ಪ್ರಶ್ನೆ: ದಾರಿ ತಪ್ಪುತ್ತಾರಾ, ಕೇಳಿದ್ದನ್ನೇ ಕೇಳುತ್ತಾರಾ, ಒಲೆ ಆರಿಸುವುದನ್ನು ಮರೆಯುತ್ತಾರಾ.

ಹೊಸ ಕಾಗದ ಕೈಗೆ ಬಂದರೆ ಗಣತಿಯಕ್ಕನ ನಾಲಿಗೆ ತೊದಲುತ್ತದೆ. ಹಾಗಾಗಿ ಮೂರು ವಾರ ಮನೆಯಲ್ಲೇ ಜೋರಾಗಿ ಓದಿ ಅಭ್ಯಾಸ ಮಾಡಿದರು. ಎದುರಿಗೆ ಬೀನ್ಸ್ ಬಿಡಿಸುತ್ತಾ ಕೂತಿರುತ್ತಿದ್ದವರು ಅವರ ಅತ್ತೆ. ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಅರ್ಧ ನಂಬರು ಈಗಲೂ ಅವರ ಬಾಯಲ್ಲಿದೆ.

"ಏನೇ ಅದು, ರೈಲು ತಪ್ಪಿಹೋಗೋ ಹಾಗೆ ಓದ್ತೀಯ? ಆ ಕಡೆ ಇರೋರಿಗೆ ಕೇಳಿಸ್ಬೇಡ್ವಾ? ಏಣಿ... ಉಪ್ಪು... ಹೀಗೆ ಬಿಡಿಸಿ ಹೇಳು," ಎಂದು ಅತ್ತೆ ತಿದ್ದುತ್ತಿದ್ದರು. ಸೊಸೆ ಅದನ್ನೇ ಕಲಿತರು. ಮೇಲಿನ ಮಹಡಿಯ ಬಡಗಿ ತಾತನಿಗೂ ಅದು ಬಾಯಿಪಾಠವಾಯಿತು. "ಏನಮ್ಮ ಏಣಿ, ಉಪ್ಪು, ನಾಯಿ, ಬೆಳಿಗ್ಗೆ ಬೆಳಿಗ್ಗೇನೆ ಸವಾರಿ ಹೊರಡ್ತಾ?" ಎಂದು ಮೆಟ್ಟಿಲಿನಲ್ಲಿ ಸಿಕ್ಕಾಗೆಲ್ಲ ರೇಗಿಸುತ್ತಿದ್ದ.

ಮನೆಮನೆಗೆ ಹೋದಾಗ ಗಣತಿಯಕ್ಕನಿಗೆ ಹೆಚ್ಚಾಗಿ ಸಿಕ್ಕ ಉತ್ತರ ಒಂದೇ: "ವಯಸ್ಸಾಯ್ತಲ್ಲ, ಅಷ್ಟೇ." ಅವರು ಚಾಪೆಯ ಮೇಲೆ ಇನ್ನಷ್ಟು ಹತ್ತಿರ ಸರಿದು ಕೂತು, "ಮುಚ್ಚಿಟ್ರೆ ಯಾರಿಗೂ ಒಳ್ಳೇದಲ್ಲ, ಇದ್ದಿದ್ದು ಇದ್ದ ಹಾಗೆ ಹೇಳಿ," ಎನ್ನುತ್ತಿದ್ದರು. ಎಷ್ಟೋ ಜನ ಆಗ ಬಾಯಿಬಿಡುತ್ತಿದ್ದರು.

ತಮ್ಮ ಮನೆಯಲ್ಲಿ ಅತ್ತೆ ಮೂರು ಜನರಿಗೆ ನಾಲ್ಕು ತಟ್ಟೆ ಇಡಲು ಶುರುಮಾಡಿ ಆರು ತಿಂಗಳಾಗಿತ್ತು. ಹಾಲಿನವನು ಬಂದನಾ ಎಂದು ಹಾಲು ಕುಡಿಯುತ್ತಲೇ ಕೇಳುತ್ತಿದ್ದರು. ಗಂಡ ಅಚ್ಚುಕೂಟದಿಂದ ಬಂದು ಕೈ ತೊಳೆಯುತ್ತಾ, "ವಯಸ್ಸಾಯ್ತಲ್ಲ," ಎಂದರೆ ಗಣತಿಯಕ್ಕನೂ, "ಹೂಂ," ಎನ್ನುತ್ತಿದ್ದರು.

ತಮ್ಮ ಮನೆಯನ್ನು ತಾವೇ ಎಣಿಸುವಂತಿಲ್ಲ ಎಂಬುದು ನಿಯಮ. ಆದ್ದರಿಂದ ಅವರ ಮನೆಗೆ ಬಂದವರು, ಇದೇ ಕೆಲಸದಲ್ಲಿದ್ದ ಒಬ್ಬ ನಿವೃತ್ತ ನರ್ಸ್. ಅವರನ್ನು ಎಲ್ಲರೂ ಸಿಸ್ಟರ್ ಎನ್ನುತ್ತಾರೆ. ಗಣತಿಯಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತರು.

ಐದು ನಿಮಿಷ ಕಳೆದ ಮೇಲೆ ಸಿಸ್ಟರ್ ಕೇಳಿದಾಗ, ಅತ್ತೆ ಬೆನ್ನು ನೆಟ್ಟಗೆ ಮಾಡಿ, ಟ್ರಂಕ್ ಕಾಲ್ ಕೂಗುವ ದನಿಯಲ್ಲಿ, "ಏಣಿ. ಉಪ್ಪು. ನಾಯಿ. ಕಿಟಕಿ. ಚಪ್ಪಲಿ," ಎಂದರು. ಗಂಡ ಹನ್ನೆರಡು ಪ್ರಶ್ನೆಗೂ ಇಲ್ಲ ಎಂದರು.

"ಐದಕ್ಕೆ ಐದು! ನಂಗೇ ಇಷ್ಟು ನೆನಪಿರಲ್ಲಮ್ಮ," ಎಂದು ಸಿಸ್ಟರ್ ನಗುತ್ತಾ ಹೊರಟರು.

ಗಂಡನ ಮುಖ ಎಷ್ಟೋ ದಿನಗಳ ನಂತರ ಹಗುರವಾಗಿತ್ತು. "ನೋಡಿದ್ಯಾ? ಅಮ್ಮಂಗೆ ಏನೂ ಆಗಿಲ್ಲ."

"ರೀ, ಅದು ನೆನಪಲ್ಲ. ಮೂರು ವಾರ ನಾನೇ ದಿನಾ ಕಿವಿಗೆ ಹಾಕಿದ್ದು. ನಾಳೆ ಡಾಕ್ಟರಮ್ಮಂಗೆ ಹೇಳ್ತೀನಿ."

"ಪಾಸಾದವಳನ್ನ ನೀನೇ ಹೋಗಿ ಫೇಲ್ ಮಾಡಿಸ್ತೀಯಾ? ಒಂದು ಮನೆ ಬಿಟ್ಟುಹೋದ್ರೆ ನಿನ್ನ ಗಣತಿ ಮುಳುಗಿ ಹೋಗುತ್ತಾ?"

ಗಣತಿಯಕ್ಕ ತೊಳೆದ ಲೋಟಗಳನ್ನು ಒರೆಸಿ, ಒಂದೊಂದಾಗಿ ಗೂಡಿಗೆ ಜೋಡಿಸಿದರು. "ಗಣತಿ ಮುಳುಗಲ್ಲ. ಏನೂ ಆಗಿಲ್ಲ ಅಂತ ಒಂದ್ಸಲ ಬರೆದ್ರೆ ಅತ್ತೇನ ಮತ್ತೆ ಯಾರೂ ನೋಡಲ್ಲ. ನಾವೂ ನೋಡಲ್ಲ. ನೂರಾ ಹತ್ತು ಮನೇಲಿ ಕೂತು ಮುಚ್ಚಿಡಬೇಡಿ ಅಂದಿದ್ದೀನಿ ಕಣ್ರೀ, ನಮ್ಮನೇಲಿ ಹೇಗೆ ಮುಚ್ಚಿಡಲಿ?"

ಮರುದಿನ ಆರೋಗ್ಯ ಕೇಂದ್ರದಲ್ಲಿ ಅವರು ನಿಂತುಕೊಂಡೇ ತಮ್ಮ ತಪ್ಪು ಒಪ್ಪಿಕೊಂಡರು. ಡಾಕ್ಟರಮ್ಮ ಬೈಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, "ಇನ್ಯಾರ ಕಿವಿಗೆ ಬಿದ್ದಿದೆ?" ಎಂದರು.

ಗಣತಿಯಕ್ಕ ಬೆರಳು ಮಡಿಸುತ್ತಾ ಯೋಚಿಸಿದರು. "ಮೇಲಿನ ಮಹಡಿ ಬಡಗಿ ತಾತ. ಪಕ್ಕದ ಮನೆ ಅಜ್ಜಿ, ಅವರ ಕಿಟಕಿ ನಮ್ಮ ಅಡುಗೆಮನೆಗೇ ತೆರೆಯುತ್ತೆ."

"ಹಾಗಾದ್ರೆ ಮೂರು ಮನೆ ಮತ್ತೆ ಆಗ್ಬೇಕು. ಇಂಥದ್ದಕ್ಕೇ ಅಂತ ಬೇರೆ ಪದಗಳ ಎರಡನೇ ಪಟ್ಟಿ ಇದೆ. ನೀವು ಮಾತ್ರ ಅದನ್ನ ಕಣ್ಣೆತ್ತಿ ಕೂಡ ನೋಡಬೇಡಿ."

"ಇಲ್ಲ ಡಾಕ್ಟರಮ್ಮ," ಎಂದು ಅವರು ಆಗಲೇ ಗೋಡೆಯ ಕಡೆ ತಿರುಗಿಬಿಟ್ಟಿದ್ದರು.

ಬಡಗಿ ತಾತ ಎರಡನೇ ಪಟ್ಟಿಯಲ್ಲಿ ನಾಲ್ಕು ಪದ ಹೇಳಿ, ಐದನೆಯದಕ್ಕೆ ಸಿಸ್ಟರ್ ಜೊತೆ ಜಗಳವಾಡಿ ಅದನ್ನೂ ನೆನಪಿಸಿಕೊಂಡ. ಪಕ್ಕದ ಅಜ್ಜಿಯೂ ಚೆನ್ನಾಗಿಯೇ ಹೇಳಿದರು. ಕೊನೆಗೆ ಸಿಸ್ಟರ್ ಗಣತಿಯಕ್ಕನ ಮನೆಗೆ ಬಂದರು.

"ಯಾರಮ್ಮ ನೀವು? ಬನ್ನಿ, ಕೂತ್ಕೊಳ್ಳಿ," ಎಂದು ಅತ್ತೆ ಸ್ವಾಗತಿಸಿದರು. ಸಿಸ್ಟರ್ ಬಂದುಹೋಗಿ ಮೂರು ದಿನವಷ್ಟೇ ಆಗಿತ್ತು.

ಈ ಸಲದ ಪದಗಳು ಮೋಡ, ಕತ್ತರಿ, ಆನೆ, ಹಾಲು, ಕುರ್ಚಿ. ಸಿಸ್ಟರ್ ಓದಿದರು, ಅತ್ತೆ ತಲೆದೂಗಿದರು. ಐದು ನಿಮಿಷ ಬೇರೆ ಮಾತಾಯಿತು. ಆಮೇಲೆ ಸಿಸ್ಟರ್ ಮೆಲ್ಲಗೆ, "ನಾನು ಆಗ ಹೇಳಿದ ಐದು ಪದ ಯಾವುದು?" ಎಂದು ಕೇಳಿದರು.

ಅತ್ತೆ ಬೆನ್ನು ನೆಟ್ಟಗೆ ಮಾಡಿದರು. "ಏಣಿ. ಉಪ್ಪು. ನಾಯಿ. ಕಿಟಕಿ. ಚಪ್ಪಲಿ."

ಸಿಸ್ಟರ್ ಹಾಳೆಯಲ್ಲಿ ಬರೆದುಕೊಂಡರು. ಅತ್ತೆ ಬಾಗಿಲ ಕಡೆ ತಿರುಗಿ, "ಸರಿಯಾಗಿ ಹೇಳಿದ್ನೇನೇ?" ಎಂದರು.

"ಒಂದೂ ಬಿಡಲಿಲ್ಲ ಅತ್ತೆ," ಎಂದರು ಗಣತಿಯಕ್ಕ.

ಸಿಸ್ಟರ್ ಹಾಳೆ ಮಗುಚಿ, ಹನ್ನೆರಡು ಪ್ರಶ್ನೆಗಳನ್ನು ಮಗನ ಮುಂದಿಟ್ಟರು. "ಗೊತ್ತಿರೋ ದಾರೀಲಿ ಯಾವತ್ತಾದ್ರೂ ತಪ್ಪಿಸ್ಕೊಂಡಿದ್ದಾರಾ?"

ಅವರು ಉಗುರಿಗೆ ಹತ್ತಿದ್ದ ಅಚ್ಚಿನ ಮಸಿಯನ್ನು ಕೆರೆದರು. ಆಮೇಲೆ, "ಹೌದು," ಎಂದರು. "ಹೋದ ತಿಂಗಳು. ಹಳೇ ಎಕ್ಸ್‌ಚೇಂಜ್ ಬಾಗಿಲ ಹತ್ರ ನಿಂತಿದ್ಲು. ಈಗ ಅಲ್ಲಿ ಪೀಠೋಪಕರಣದ ಅಂಗಡಿ ಇದೆ. ಡ್ಯೂಟಿಗೆ ಹೊತ್ತಾಯ್ತು, ಒಳಗೆ ಬಿಡ್ತಿಲ್ಲ ಅಂತ ಅಳ್ತಿದ್ಲು. ಕರ್ಕೊಂಡು ಬಂದೆ. ಇವಳಿಗೂ ಹೇಳ್ಲಿಲ್ಲ."

ಗಣತಿಯಕ್ಕ ಅಡುಗೆಮನೆಯ ಬಾಗಿಲು ಬಿಟ್ಟು ಬಂದು ಗಂಡನ ಪಕ್ಕದಲ್ಲಿ ಕೂತರು. ಉಳಿದ ಹನ್ನೊಂದು ಪ್ರಶ್ನೆ ನಿಧಾನವಾಗಿ ಮುಗಿದವು. ಕೆಲವಕ್ಕೆ ಅವರು ಇಲ್ಲ ಎಂದರು, ಕೆಲವಕ್ಕೆ ಹೌದು.

ಆಮೇಲೆ ಡಾಕ್ಟರಮ್ಮ ಅನುಮಾನವಿದ್ದವರನ್ನು ಒಬ್ಬೊಬ್ಬರಾಗಿ ಕರೆಸಿ ಪರೀಕ್ಷಿಸಿದರು. ಗಣತಿ ಮುಗಿದಾಗ ಬಡಾವಣೆಯ ನಾನೂರ ಹನ್ನೆರಡು ಹಿರಿಯರಲ್ಲಿ ಮೂವತ್ತೊಂದು ಮಂದಿಗೆ ಕಾಯಿಲೆ ಇರುವುದು ಗೊತ್ತಾಯಿತು. ಮೂವತ್ತೊಂದನೆಯವರು ಅತ್ತೆ. ಈಗ ಪ್ರತಿ ಬುಧವಾರ ಕ್ಲಿನಿಕ್ ಇದೆ. ಗಣತಿಯಕ್ಕ ಅತ್ತೆಯ ಕೈ ಹಿಡಿದು ಹಳೇ ಎಕ್ಸ್‌ಚೇಂಜಿನ ಮುಂದಿನ ದಾರಿಯಲ್ಲೇ ನಡೆಸಿಕೊಂಡು ಹೋಗುತ್ತಾರೆ. ಪೀಠೋಪಕರಣದ ಅಂಗಡಿಯವನಿಗೆ ವಿಷಯ ಹೇಳಿಟ್ಟಿದ್ದಾರೆ. ಅತ್ತೆ ಬಾಗಿಲಲ್ಲಿ ನಿಂತರೆ ಅವನು, "ಇವತ್ತು ನಿಮಗೆ ರಜ ಮೇಡಂ," ಎನ್ನುತ್ತಾನೆ. ಅತ್ತೆ ಸಮಾಧಾನದಿಂದ ಮುಂದೆ ನಡೆಯುತ್ತಾರೆ.