ತಂಗಿಯ ಎದೆಯ ಎಕ್ಸ್‌ರೇ

ನಾನು ಬಾಯಿ ಬಿಡಲಿಲ್ಲ. ಬಿಡಬೇಕಿತ್ತು. ಹೋದ ವಾರ ಕೋಲಾರದಲ್ಲಿ ಡಾಕ್ಟರ ಎದುರು ನನ್ನ ತಂಗಿ ರತ್ನ ತಲೆ ತಗ್ಗಿಸಿ, "ನಾನೇ ಎಲ್ಲೋ ಕಳ್ಕೊಂಡೆ ಸಾರ್" ಅಂದಾಗ, ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ.

ಕಳೆದುಹೋಗಿದ್ದು ಅವಳ ಎದೆಯ ಹಳೇ ಎಕ್ಸ್‌ರೇ. ಅದನ್ನು ತೆಗೆಸಿದಾಗ ರತ್ನ ಕೆಮ್ಮಿ ಕೆಮ್ಮಿ ಕಡ್ಡಿಯಾಗಿದ್ದಳು. ತೋರಿಸಿದ ಕಡೆಯೆಲ್ಲ ಟಿ.ಬಿ. ಅಂದರು, ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಈ ಡಾಕ್ಟರು ಮಾತ್ರ ಫಿಲ್ಮನ್ನು ಬೆಳಕಿಗೆ ಹಿಡಿದು, "ಟಿ.ಬಿ. ಅಲ್ಲಮ್ಮ, ಹುಳುವಿನಿಂದ ಆದ ನೀರುಗಂಟು. ನೋಡಿ, ನೀರಲ್ಲಿ ನೈದಿಲೆ ತೇಲಿದ ಹಾಗಿದೆ" ಅಂದಿದ್ದರು. ಆಪರೇಷನ್ ಆಯಿತು. ತಂಗಿ ಉಳಿದಳು.

ಈಗ ಅವರಿಗೆ ಆ ಚಿತ್ರ ಬೇಕಿತ್ತು. ಇಂಟರ್ನೆಟ್ಟಿನಲ್ಲಿ ಡಾಕ್ಟರುಗಳ ಪತ್ರಿಕೆಯೊಂದಿದೆಯಂತೆ. ಚಂದಾ ಇಲ್ಲ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. "ನಿಮ್ಮ ಹೆಸರು ಹಾಕಲ್ಲ. ಸಣ್ಣ ಊರಿನ ಒಬ್ಬ ಡಾಕ್ಟರು ನೋಡಿದ್ರೂ ಸಾಕು, ನಿಮ್ಮ ಥರ ಇನ್ನೊಬ್ಬರು ಅಲೆಯೋದು ತಪ್ಪುತ್ತೆ" ಎಂದು ಫೋನಿನಲ್ಲಿ ಹೇಳಿದ್ದರು.

ರತ್ನ ಹಿಗ್ಗಿಹೋದಳು. ಟ್ರಂಕು, ಅಟ್ಟ, ಹಾಸಿಗೆಯ ಅಡಿ, ಎಲ್ಲಾ ಜಾಲಾಡಿದಳು. ಅಮ್ಮ ಬೇರೆ, "ನಿನ್ ಎದೆ ಫೋಟೋನೇ ಕಾಪಾಡ್ಕೊಳ್ಳಕ್ಕಾಗ್ಲಿಲ್ವೇನೇ?" ಎಂದು ಹಂಗಿಸಿದರು.

ಫಿಲ್ಮ್ ಎಲ್ಲಿಗೆ ಹೋಗಿತ್ತು? ನನ್ನ ಅಂಗಡಿಗೆ. ನಾನು ಮುಳಬಾಗಿಲ ಹೈವೇ ಪಕ್ಕ ಲಾರಿಗಳಿಗೆ ಅಕ್ಷರ ಬರೆಯುವವನು. (ಏಳನೇ ಕ್ಲಾಸಿಗೆ ನಿಂತ ಓದಿಗೆ ಅಷ್ಟು ಅಕ್ಷರ ಧಾರಾಳವಾಯಿತು.) ಸ್ಟೆನ್ಸಿಲ್ ಕತ್ತರಿಸಲು ಹಳೇ ಎಕ್ಸ್‌ರೇಯಂಥ ಹಾಳೆ ಇನ್ನೊಂದಿಲ್ಲ. ಎಷ್ಟು ಬಣ್ಣ ಬಳಿದರೂ ನೆನೆಯುವುದಿಲ್ಲ. ಗುಣವಾದ ಮೇಲೆ ಇದ್ಯಾಕೆ ಎಂದು, ಯಾರನ್ನೂ ಕೇಳದೆ, ತಂಗಿಯ ಎದೆಯ ಮೇಲೆ ಬ್ಲೇಡು ಆಡಿಸಿ 'ಸೌಂಡ್ ಹಾರ್ನ್' ಕತ್ತರಿಸಿದ್ದೆ.

ನಮ್ಮ ಮನೆಗಳಲ್ಲಿ ಎಕ್ಸ್‌ರೇಗೆ ಇರುವ ಮರ್ಯಾದೆಯೇ ಇಷ್ಟು. ಗ್ರಹಣ ನೋಡುತ್ತೇವೆ. ಒಡೆದ ಕಿಟಕಿಗೆ ಅಂಟಿಸುತ್ತೇವೆ. ಒಬ್ಬರ ನೋವಿನ ಚಿತ್ರ ಕಾಣದ ಊರಿನ ಇನ್ನೊಬ್ಬರ ಜೀವ ಉಳಿಸೀತು ಅಂತ ನಮಗೆ ಯಾರು ಹೇಳಿದ್ದರು? ಕತ್ತರಿಸಿದ್ದನ್ನು ತಿಳಿಯದೆ ಮಾಡಿದ್ದು ಅನ್ನಬಹುದು. ಸುಮ್ಮನೆ ಕೂತಿದ್ದನ್ನು?

"ಇನ್ನೊಂದು ತೆಗೀಬಹುದಲ್ಲಾ ಸಾರ್?" ರತ್ನ ಆಸೆಯಿಂದ ಕೇಳಿದಳು.

"ಗಂಟೇ ಇಲ್ವಲ್ಲಮ್ಮ ಈಗ. ಏನು ತೆಗೀಲಿ?" ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಾಪಸು ಬಸ್ಸಿನಲ್ಲಿ ರತ್ನ ಮೆಲ್ಲಗೆ, "ಬೇಜಾರ್ ಮಾಡ್ಕೋಬೇಡಣ್ಣ. ನನ್ನಿಂದ ನಿನ್ ಅಂಗಡೀನೂ ಒಂದಿನ ಮುಚ್ಚೋ ಹಾಗಾಯ್ತು" ಅಂದಳು.

ನನ್ನ ತಪ್ಪಿಗೆ ಅವಳು ಕ್ಷಮೆ ಕೇಳುತ್ತಿದ್ದಳು!

ಮೊದಲ ಸಲ ಹೇಳಿದ್ದು ಇಂಜಿನ್ನಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ:

"ನೀನು ಕಳೀಲಿಲ್ಲ ರತ್ನ. ನಾನೇ ಕತ್ತರಿಸಿದ್ದು. ತಪ್ಪಾಯ್ತು ಕಣಮ್ಮ."