ಶ್ರೀಮುಖ ಸಂವತ್ಸರದ ಡ್ರೈವರ್ ಮಾವ

ಮೊನ್ನೆ ಬೆಳಿಗ್ಗೆ ನಮ್ಮ ಬೀದಿಯ ತುದಿಯಲ್ಲಿ ಇಸ್ತ್ರಿ ಮಾಡುವವನು ಪೆಟ್ಟಿಗೆಯ ಮುಚ್ಚಳ ತೆಗೆದು ಇದ್ದಿಲು ಊದುತ್ತಿದ್ದ. ಹೊಗೆ ನಮ್ಮ ಬಾಗಿಲವರೆಗೂ ಬಂತು. ಮೊಮ್ಮಕ್ಕಳೇ, ನಿಮ್ಮಲ್ಲೊಬ್ಬರು ಮೂಗು ಮುಚ್ಚಿಕೊಂಡು ಓಡಿಹೋಗಿ ಕಿಟಕಿ ಹಾಕಿದಿರಿ. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಆ ವಾಸನೆಗೆ ನನಗೆ ನೆನಪಾಗುವುದು ಬಟ್ಟೆಯಲ್ಲ, ಬಸ್ಸು. ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು, ಅದರ ಮುಂದೆ ಮುಖವೆಲ್ಲ ಮಸಿ ಮಾಡಿಕೊಂಡು ನಗುತ್ತಿದ್ದ ಡ್ರೈವರ್ ಮಾವ...

ಅಜ್ಜಿ ಯಾಕೆ ಹೀಗೆ ನಿಂತಳು ಎಂದು ನೀವು ಕೇಳಿದಿರಿ. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಈಗಲೂ ಬಾಯಿ ಬಾರದು. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ತವರು ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ದಾರಿಯ ಮೇಲಿನ ಹಳ್ಳಿ. ಊರಿನ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿದೆ. ನಮ್ಮ ಪಕ್ಕದ ಮನೆಯವರೇ ಡ್ರೈವರ್ ಮಾವ. ನೆಂಟರಲ್ಲ, ಆದರೂ ಊರಿನ ಮಕ್ಕಳಿಗೆಲ್ಲ ಮಾವ. ಸಂಜೆ ಅವರ ಬಸ್ಸು ಊರ ಹುಣಸೆಮರದ ಕೆಳಗೆ ನಿಲ್ಲುತ್ತಿತ್ತು, ಬೆಳಿಗ್ಗೆ ಅಲ್ಲಿಂದಲೇ ಕೋಲಾರಕ್ಕೆ ಹೊರಡುತ್ತಿತ್ತು. ಯಾರ ಮನೆಯ ಬಸುರಿ ಆಸ್ಪತ್ರೆಗೆ ಹೋಗಬೇಕು, ಯಾರ ಮಾವಿನಕಾಯಿ ಬುಟ್ಟಿ ಮೇಲೆ ಹಾಕಬೇಕು ಎನ್ನುವುದೆಲ್ಲ ಅವರಿಗೆ ಬಾಯಿಪಾಠ. ಅಕ್ಷರ ಮಾತ್ರ ಒಂದೂ ಬಾರದು. ಕಾಗದ ಬಂದರೆ ನಮ್ಮ ಜಗಲಿಗೆ ಬಂದು, "ಪಾಪ, ಇದೊಂಚೂರು ಓದಮ್ಮಾ" ಎನ್ನುತ್ತಿದ್ದರು. ಊರಿನ ಹುಡುಗಿಯರೆಲ್ಲ ಅವರ ಬಾಯಲ್ಲಿ ಪಾಪ. ನಾನು ತಲೆ ಎತ್ತದೆ ಓದುತ್ತಿದ್ದೆ.

ಅದು ಯುದ್ಧದ ಕಾಲ. ಪೆಟ್ರೋಲಿಗೆ ರೇಷನ್ನು, ಟೈರಂತೂ ಕಣ್ಣಿಗೇ ಬೀಳದು. ನಮ್ಮ ಕಡೆಯ ಸಣ್ಣ ಕಂಪನಿಯ ಸಾಹುಕಾರರಿಗೆ ಇದ್ದದ್ದು ಎರಡೇ ಬಸ್ಸು. ಒಂದನ್ನು ಮಾವ ಓಡಿಸುತ್ತಿದ್ದರು, ಇನ್ನೊಂದನ್ನು ಮಾವನ ಶಿಷ್ಯ. ಕ್ಲೀನರ್ ಆಗಿದ್ದ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಟೀರಿಂಗ್ ಹಿಡಿಯಲು ಕಲಿಸಿದ್ದೇ ಮಾವ. ಸಾಹುಕಾರರು ಎರಡು ಬಸ್ಸುಗಳನ್ನೂ ಕೋಲಾರದ ಕಂಪನಿಯೊಂದಕ್ಕೆ ಸೇರಿಸಿಬಿಟ್ಟರು. ಆ ಕಂಪನಿಗೆ ಮೂರು ಬಸ್ಸು, ಮೂವರು ಡ್ರೈವರುಗಳು, ತಗಡಿನ ಶೆಡ್ಡು, ಮೇಜು ಕುರ್ಚಿ ಹಾಕಿದ ಆಫೀಸು. ಆಗ ನಮಗೆ ಅದೇ ದೊಡ್ಡ ಕಂಪನಿ.

ಎರಡು ಸೇರಿ ಒಂದಾದ ಮೇಲೆ ಡ್ರೈವರುಗಳು ಐವರು. ಪೆಟ್ರೋಲು ಸಿಗುತ್ತಿದ್ದದ್ದು ನಾಲ್ಕು ಬಸ್ಸಿಗೆ. ಐದನೆಯದಕ್ಕೆ ಹಿಂದೆ ಇದ್ದಿಲ ಡ್ರಮ್ಮು ಕಟ್ಟಿಸಿದ್ದರು. ಅದು ಏರು ಹತ್ತದು, ಮೈಗೆಲ್ಲ ಮಸಿ ಬಳಿಯುತ್ತದೆ ಎಂದು ಒಬ್ಬರೂ ಮುಟ್ಟುತ್ತಿರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ಅದಕ್ಕೆ ಕೋಳಿಗೂಡು ಎಂದೇ ಹೆಸರು ಬಿದ್ದಿತ್ತು.

ಆಫೀಸಿನವರು ಒಂದು ಕಟ್ಟಳೆ ಮಾಡಿದರು. ಐವರ ಹೆಸರನ್ನೂ ಸೇರಿಸಿ ಒಂದೇ ಸೀನಿಯಾರಿಟಿ ಪಟ್ಟಿ. ಯಾರು ಮೊದಲು ಕೆಲಸಕ್ಕೆ ಸೇರಿದರೋ ಅವರು ಮೇಲೆ. ಪಟ್ಟಿಯ ಸಾಲಿನಂತೆ ಒಬ್ಬೊಬ್ಬರಾಗಿ ಬಸ್ಸು ಮತ್ತು ದಾರಿ ಆರಿಸಿಕೊಳ್ಳಬೇಕು. ಐದನೆಯವನು ಸ್ಪೇರ್. ಅವನು ದಿನವೂ ಕೋಲಾರದ ಶೆಡ್ಡಿನ ಬೆಂಚಿನ ಮೇಲೆ ಕೂತಿರಬೇಕು. ಯಾರಿಗಾದರೂ ಜ್ವರ ಬಂದರೆ ಮಾತ್ರ ಅವನ ಕೈಗೆ ಸ್ಟೀರಿಂಗ್.

ಪಟ್ಟಿಯ ನಕಲು ಹಿಡಿದು ಮಾವ ನಮ್ಮ ಜಗಲಿಗೆ ಬಂದರು. ಹೊಸ ಶರ್ಟು ಹಾಕಿಕೊಂಡಿದ್ದರು. ತಾವೇ ಮೊದಲನೆಯವರು ಎನ್ನುವುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

ನಾನು ಓದಿದೆ. ಮೊದಲ ಮೂರು ಹೆಸರು ಕೋಲಾರದವರದು. ನಾಲ್ಕನೆಯದು ಶಿಷ್ಯನದು. ಐದನೆಯದು ಮಾವನದು.

"ಕೆಳಗಿಂದ ಓದ್ತಿದ್ದೀಯೇನಮ್ಮಾ? ಮೇಲಿಂದ ಓದು."

ಮತ್ತೆ ಓದಿದೆ. ಮಾವ ಹೆಗಲ ಮೇಲಿನ ಟವೆಲನ್ನು ತೆಗೆದು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು... ಆ ಕೈಗಳು ಹಾಗೆ ಕೆಲಸವಿಲ್ಲದೆ ಆಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಒಳಗಿನಿಂದ ನಮ್ಮ ಅಜ್ಜಿಯ ಗಂಟಲು ಕೇಳಿಸಿತು. "ಏನ್ಲಾ, ಶಿಷ್ಯ ಕಲಿತು ಮುಗಿದ್ಮೇಲೆ ಗುರು ಹುಟ್ಟಿದ್ನಾ?"

ಅಜ್ಜಿ ಹಾಗಂದ ಮೇಲೆ ನಾನು ಪಟ್ಟಿಯಲ್ಲಿದ್ದ ತಾರೀಖುಗಳನ್ನು ನೋಡಿದೆ. ಕೋಲಾರದ ಮೂವರೂ ಸಾವಿರದ ಒಂಬೈನೂರ ಮೂವತ್ತಮೂರರ ಮಳೆಗಾಲದಲ್ಲಿ ಸೇರಿದವರು. ಶಿಷ್ಯನ ಮುಂದೆ ಮೂವತ್ತನಾಲ್ಕರ ಫೆಬ್ರವರಿ ಎಂದಿತ್ತು. ಮಾವನ ಮುಂದೆ ಮೂವತ್ತನಾಲ್ಕರ ಏಪ್ರಿಲ್.

ಮಾವ ಟ್ರಂಕಿನಿಂದ ಸಾಹುಕಾರರು ಅಂದು ಬರೆದುಕೊಟ್ಟಿದ್ದ ಚೀಟಿ ತಂದರು. ಮೂಲೆಯಲ್ಲಿ ಕುಂಕುಮ ಇನ್ನೂ ಇತ್ತು. ನಮ್ಮ ಸಾಹುಕಾರರು ಇಂಗ್ಲಿಷ್ ತಾರೀಖು ಬರೆಯುವವರಲ್ಲ. ಚೀಟಿಯಲ್ಲಿದ್ದದ್ದು ಇಷ್ಟೇ: ಶ್ರೀಮುಖ ಸಂವತ್ಸರ, ವೈಶಾಖ ಶುದ್ಧ ತದಿಗೆ. ಶಿಷ್ಯನ ಚೀಟಿಯಲ್ಲೂ ಶ್ರೀಮುಖವೇ, ಆದರೆ ಮಾಘ ಮಾಸ ಎಂದು ಮಾವ ಹೇಳಿದರು.

ತೀರಿಹೋಗಿದ್ದ ನಮ್ಮ ತಾತ ಊರಿನ ಮೇಷ್ಟರಾಗಿದ್ದವರು. ಅವರ ಹಳೆಯ ಪಂಚಾಂಗಗಳನ್ನೆಲ್ಲ ಅಜ್ಜಿ ದಾರಕ್ಕೆ ಪೋಣಿಸಿ ಅಟ್ಟದಲ್ಲಿ ತೂಗುಹಾಕಿದ್ದಳು. ಓದಲು ಬಾರದಿದ್ದರೂ ಒಂದನ್ನೂ ಬಿಸಾಡಿರಲಿಲ್ಲ. ನಾನು ಅಟ್ಟ ಹತ್ತಿ ಶ್ರೀಮುಖದ್ದನ್ನೂ ಅದರ ಮುಂದಿನ ಭಾವ ಸಂವತ್ಸರದ್ದನ್ನೂ ಬಿಚ್ಚಿ ತಂದೆ.

ಮಕ್ಕಳೇ, ನಮ್ಮ ಸಂವತ್ಸರ ಯುಗಾದಿಗೆ ಹುಟ್ಟಿ ಮುಂದಿನ ಯುಗಾದಿಗೆ ಮುಗಿಯುತ್ತದೆ. ನಡುವೆ ಜನವರಿ ಬಂದು ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಶ್ರೀಮುಖದ ವೈಶಾಖ ಬಂದದ್ದು ಮೂವತ್ತಮೂರರಲ್ಲಿ, ಅದೇ ಶ್ರೀಮುಖದ ಮಾಘ ಬಂದದ್ದು ಮೂವತ್ತನಾಲ್ಕರಲ್ಲಿ. ಆಮೇಲೆ ತಿಳಿದ ಹಾಗೆ, ಆಫೀಸಿನ ಗುಮಾಸ್ತ ಶಿಷ್ಯನ ಲೈಸೆನ್ಸಿನಲ್ಲಿ ಮೂವತ್ತನಾಲ್ಕು ಎಂದು ಕಂಡು, ಶ್ರೀಮುಖ ಎಂದರೆ ಮೂವತ್ತನಾಲ್ಕು ಎಂದು ತೀರ್ಮಾನ ಮಾಡಿ, ಮಾವನಿಗೂ ಅದನ್ನೇ ಬರೆದಿದ್ದ. ಮಾವನ ದುಡಿಮೆಯ ಒಂದು ವರ್ಷ ಹಾಗೆ ಮಾಯವಾಗಿತ್ತು.

ಮಾವನಿಗೆ ಹೇಳಲು ನಾಚಿಕೆಯಾಗಿ ಅಜ್ಜಿಯ ಕಿವಿಯಲ್ಲಿ ಹೇಳಿದೆ. ಅಜ್ಜಿ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು.

ಸಂಜೆಯ ಹೊತ್ತಿಗೆ ಶಿಷ್ಯ ಬಂದ. ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತ.

"ಗುರುವೇ, ಪಟ್ಟೀಲಿ ಮೇಲ್ ಬರೋಕೆ ನಾನ್ಯಾರ ಕಾಲೂ ಹಿಡಿದಿಲ್ಲ."

"ಗೊತ್ತು ಕಣೋ. ಆದ್ರೆ ಇದು ಸರಿಹೋದ್ರೆ ಐದನೆಯವನು ನೀನಾಗ್ತೀಯ. ಮನೇಲಿ ಹಸುಗೂಸು ಬೇರೆ."

"ಆಗ್ಲಿ. ನಿಮ್ಮನ್ನ ಬೆಂಚಿನ ಮೇಲೆ ಕೂರಿಸಿ ನಾನು ಬಸ್ಸು ಓಡಿಸ್ಲಾ? ಕೈ ಬರುತ್ತಾ ನಂಗೆ? ನಾಳೆ ನಾನೂ ಬರ್ತೀನಿ."

ಮಾರನೆಯ ದಿನ ಮಾವ, ಶಿಷ್ಯ, ಅಜ್ಜಿ, ನಾನು ಕೋಲಾರಕ್ಕೆ ಹೋದೆವು. ಪಂಚಾಂಗಗಳನ್ನು ಅಜ್ಜಿ ಮಡಿಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಆಫೀಸಿನಲ್ಲಿ ಮ್ಯಾನೇಜರು, ಗುಮಾಸ್ತ, ಬಾಗಿಲ ಬಳಿಯ ಬೆಂಚಿನ ಮೇಲೆ ಕೋಲಾರದ ಮೂವರು ಡ್ರೈವರುಗಳು.

ಗುಮಾಸ್ತ ನಕ್ಕ. "ಏನಜ್ಜೀ, ಪಂಚಾಂಗ ತಂದಿದ್ದೀಯ, ಮೊಮ್ಮಗಳ ಮದುವೇಗಾ?"

"ನಿನ್ ಲೆಕ್ಕಕ್ಕೆ ಗ್ರಹಣ ಹಿಡಿದೈತೆ ಕಣಪ್ಪಾ, ಬಿಡಿಸೋಕ್ ಬಂದಿದ್ದೀವಿ."

ಪಟ್ಟಿಯಲ್ಲಿ ಮೊದಲನೆಯವನಾಗಿದ್ದ ಕೋಲಾರದ ದೊಡ್ಡ ಮೀಸೆಯ ಡ್ರೈವರು, "ಪಂಚಾಂಗ ನೋಡಿ ಗೇರ್ ಹಾಕ್ತಾರೇನ್ರೀ ಶ್ರೀನಿವಾಸಪುರದ ಕಡೆ?" ಎಂದ. ಎಲ್ಲರೂ ಗೊಳ್ಳೆಂದರು. ಮ್ಯಾನೇಜರು ಮಾತ್ರ ನಗಲಿಲ್ಲ. "ಓದೋರು ಯಾರು?" ಎಂದು ಕೇಳಿದರು.

ಅಜ್ಜಿ ನನ್ನ ಬೆನ್ನಿಗೆ ಕೈ ಇಟ್ಟು ಮುಂದೆ ತಳ್ಳಿದಳು. ಅಷ್ಟು ಗಂಡಸರ ಮುಂದೆ ನಾನು ಎಂದೂ ನಿಂತವಳಲ್ಲ. ಮಾವನನ್ನು ನೋಡಿದೆ. ಅವರು ಟವೆಲನ್ನು ಮತ್ತೆ ಮಡಿಸುತ್ತಿದ್ದರು. ಅದನ್ನು ಕಂಡ ಮೇಲೆ ಹೇಗೋ ಸ್ವರ ಬಂತು. ಶ್ರೀಮುಖದ ಪುಟ ತೆಗೆದು ವೈಶಾಖ ಶುದ್ಧ ತದಿಗೆಯ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಅಚ್ಚಾಗಿದ್ದ ಇಂಗ್ಲಿಷ್ ತಾರೀಖು ಓದಿದೆ. ಆಮೇಲೆ ಭಾವದ ಪಂಚಾಂಗ ತೆಗೆದೆ. "ಮೂವತ್ತನಾಲ್ಕರ ಏಪ್ರಿಲ್ ಇದರಲ್ಲಿದೆ. ಆಗ ಶ್ರೀಮುಖ ಮುಗಿದುಹೋಗಿತ್ತು" ಎಂದೆ. ಅಷ್ಟೇ ನಾನು ಆಡಿದ್ದು.

ಶಿಷ್ಯ ಮುಂದೆ ಬಂದ. "ಸಾರ್, ನನಗೆ ಬಸ್ಸು ಕಲಿಸಿದ್ದೇ ಇವ್ರು. ನಾನು ಮಾಘದಲ್ಲಿ ಸೇರ್ಕೊಂಡೆ, ಇವ್ರು ಅದಕ್ಕೂ ಮುಂಚೆ, ಅದೇ ಶ್ರೀಮುಖದ ಯುಗಾದಿಯಾದ ತಿಂಗಳಿಗೇ ಸೇರಿದ್ರು. ಬೇಕಾದ್ರೆ ದೇವರ ಮುಂದೆ ಹೇಳ್ತೀನಿ."

ಮ್ಯಾನೇಜರು ಎರಡು ಪುಟಗಳನ್ನೂ ತಿರುವಿ ತಿರುವಿ ನೋಡಿದರು. ಗುಮಾಸ್ತನ ಕಡೆ ನೋಡಿದರು. ಅವನು ಮಸಿಕುಡಿಕೆಯ ಮುಚ್ಚಳವನ್ನು ನೋಡುತ್ತಿದ್ದ. ಮ್ಯಾನೇಜರೇ ಲೆಕ್ಕಣಿಕೆ ತೆಗೆದುಕೊಂಡು ಐದನೆಯ ಹೆಸರನ್ನು ಹೊಡೆದುಹಾಕಿ ಎಲ್ಲಕ್ಕಿಂತ ಮೇಲೆ ಬರೆದರು.

ಬಾಗಿಲ ಬಳಿಯ ಆ ಬೆಂಚಿನಲ್ಲಿ ಗೋಡೆಯ ಕಡೆಯ ಜಾಗ ಎಲ್ಲರಿಗಿಂತ ಹಿರಿಯ ಡ್ರೈವರಿನದು. ದೊಡ್ಡ ಮೀಸೆಯವನು ಅಲ್ಲಿಂದ ಎದ್ದ. ಜಗಳಕ್ಕೆ ಎದ್ದ ಎಂದು ನಾನು ಅಜ್ಜಿಯ ಸೆರಗು ಹಿಡಿದೆ. ಅವನು ತನ್ನ ಟವೆಲಿನಿಂದ ಆ ಜಾಗವನ್ನು ಒರೆಸಿದ. "ಬಾ ಅಣ್ಣಾ, ಕೂತ್ಕೋ. ಪಂಚಾಂಗದಲ್ಲೇ ಬರೆದುಬಿಟ್ಟೈತಲ್ಲ, ಇನ್ನೇನ್ ಮಾಡೋದು" ಎಂದ.

ಮಾವ ಕೂರಲಿಲ್ಲ. "ಬಸ್ಸು ಆರಿಸೋದು ನಾನೇ ಮೊದಲು ಅಲ್ವಾ ಸಾರ್?" ಎಂದು ಕೇಳಿದರು.

"ಹೌದಪ್ಪಾ. ಯಾವುದು ಬೇಕು?"

"ಕೋಳಿಗೂಡು."

ತಮಾಷೆ ಎಂದು ಎಲ್ಲರೂ ನಕ್ಕರು. ಮಾವ ನಗಲಿಲ್ಲ. "ಇದ್ದಿಲ ಬಸ್ಸು ನನಗಿರ್ಲಿ, ನಮ್ಮೂರ ದಾರೀಲೇ ಓಡಿಸ್ತೀನಿ. ಆಗ ಪೆಟ್ರೋಲ್ ಬಸ್ಸು ನಾಲ್ಕು, ಅದಕ್ಕೆ ಡ್ರೈವರುಗಳೂ ನಾಲ್ವರು. ಬೆಂಚಿಗೆ ಯಾರೂ ಬೇಡ."

ಆಗ ಎಲ್ಲರಿಗೂ ಅರ್ಥವಾಯಿತು. ಶಿಷ್ಯ ಬಾಗಿಲ ಹೊರಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತುಕೊಂಡ. ಅಜ್ಜಿ ಪಂಚಾಂಗಗಳನ್ನು ಬಟ್ಟೆಯಲ್ಲಿ ಸುತ್ತುತ್ತಾ, "ಅದ್ರಲ್ಲಿರೋ ಮೊಟ್ಟೆ ಯಾರ್ದು ಅಂತ ಈಗ್ಲೇ ಕೇಳ್ಕೊಳಪ್ಪಾ" ಎಂದಳು. ಈ ಸಲ ಮ್ಯಾನೇಜರೂ ನಕ್ಕರು.

ವಾರದೊಳಗೆ ಕೋಳಿಗೂಡು ನಮ್ಮೂರಿಗೆ ಬಂತು. ಹಿಂದೆ ಡ್ರಮ್ಮು, ಡ್ರಮ್ಮಿನಿಂದ ಹೊಗೆ. ಏರು ಬಂದ ಕಡೆಯೆಲ್ಲ ಜನ ಇಳಿದು ಪಕ್ಕದಲ್ಲೇ ನಡೆದುಕೊಂಡು ಬಂದರಂತೆ. ಆದರೂ ಊರ ಬಾಗಿಲಲ್ಲಿ ಮಾವ ಹಾರ್ನನ್ನು ಒತ್ತಿ ಒತ್ತಿ ಬಿಟ್ಟರು, ಊರಿಗೆ ಊರೇ ಹುಣಸೆಮರದ ಕೆಳಗೆ ಸೇರಿತು. ಮಾವ ಇಳಿದರು. ಹಲ್ಲು ಬಿಟ್ಟರೆ ಬೇರೆಲ್ಲ ಕಪ್ಪು. ನೇರ ನಮ್ಮ ಜಗಲಿಗೆ ಬಂದು, "ಪಾಪ, ನನ್ ದಿನ ಎಲ್ಲೈತೆ ತೋರಿಸಮ್ಮಾ" ಎಂದರು. ನಾನು ಪುಟ ತೆಗೆದು ತೋರಿಸಿದೆ. ಓದಲು ಬಾರದ ಅವರು ಆ ಸಾಲಿನ ಮೇಲೆ ಮಸಿ ಹಿಡಿದ ಹೆಬ್ಬೆರಳು ಒತ್ತಿ, ಸುಮಾರು ಹೊತ್ತು ಹಾಗೇ ಇಟ್ಟುಕೊಂಡಿದ್ದರು.

ಮುಂದೆ ನನ್ನ ಮದುವೆಯಾಗಿ ಮಾಲೂರಿನ ಕಡೆಗೆ ಬಂದೆ. ದಿಬ್ಬಣದ ಬಸ್ಸು ಓಡಿಸಿದವರು ಮಾವನೇ, ಹಿಂದೆ ಇನ್ನೊಂದು ಬಸ್ಸಿನಲ್ಲಿ ಶಿಷ್ಯ. ಶಿವಾರಪಟ್ಟಣ ದಾಟುವಾಗ ಕಲ್ಲು ಕೆತ್ತುವವರು ಉಳಿ ನಿಲ್ಲಿಸಿ ನೋಡಲಿ ಎಂದು ಹಾರ್ನು ಹೊಡೆದರು... ಅದೇ ನಾನು ಅವರನ್ನು ಕೊನೆಯ ಸಲ ಸರಿಯಾಗಿ ನೋಡಿದ್ದು. ಅವರು ಹೋದ ಸುದ್ದಿ ನನಗೆ ತಲುಪುವ ಹೊತ್ತಿಗೆ ಹದಿನೈದು ದಿನ ಕಳೆದಿತ್ತು. ಮಣ್ಣಿಗೆ ಹೋಗಲಾಗಲಿಲ್ಲ. ಅದೊಂದು ನೋವು ನನ್ನಲ್ಲಿ ಹಾಗೇ ಇದೆ. ಅಜ್ಜಿ ಇಲ್ಲ, ಶಿಷ್ಯ ಇಲ್ಲ, ಆ ಕಂಪನಿಯೂ ಇಲ್ಲ. ಅಂದು ಆ ಆಫೀಸಿನಲ್ಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ ಇರಬೇಕು.

ಮೊನ್ನೆ ಇಸ್ತ್ರಿಯವನ ಹೊಗೆ ಕರಗಿದ ಮೇಲೆ ನನ್ನ ಟ್ರಂಕಿನಿಂದ ಆ ಪಂಚಾಂಗ ತೆಗೆದೆ. ಅಂಚೆಲ್ಲ ಪುಡಿಯಾಗಿದೆ. ವೈಶಾಖ ಶುದ್ಧ ತದಿಗೆಯ ಅಕ್ಷರಗಳು ಈಗ ನನ್ನ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲಿನ ಕಪ್ಪು ಹೆಬ್ಬೆರಳು ಕಾಣುತ್ತದೆ.