ಓಡುವ ಕಾರಿನಲ್ಲಿ ಒಂದು ಸಲ

ಉಮರ್ಗಾದ ಹೆದ್ದಾರಿ ಬದಿಯಲ್ಲಿ ಧನರಾಜನದೊಂದು ಕಾರ್ ಸೌಂಡ್ ಅಂಗಡಿ. ತಂತಿ ಎಳೆದು ಸಿಸ್ಟಮ್ ಕೂಡಿಸುವುದು ಅವನ ಕೆಲಸ. ಬೇಸ್ ಸ್ಪೀಕರ್ ಕೂಡುವ ಪೆಟ್ಟಿಗೆಯನ್ನು ಕೊಯ್ದು ಜೋಡಿಸುವವಳು ಹೆಂಡತಿ ವಿಜಯಶ್ರೀ. ಅವಳು ಭಾಲ್ಕಿ ಕಡೆಯ ಬಡಿಗರ ಮನೆಯ ಮಗಳು. ಹಲಗೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರೆ ಸಾಕು, ಗರಗಸ ಎಲ್ಲಿ ಜಾರಿದೆ ಎಂದು ಹೇಳಿಬಿಡುತ್ತಿದ್ದಳು.

ಏಳು ವರ್ಷಗಳಲ್ಲಿ ಅವಳ ಪೆಟ್ಟಿಗೆಗಳು ಸೋಲಾಪುರ, ಹೈದರಾಬಾದು, ಎಲ್ಲೆಲ್ಲಿಗೋ ಹೋಗಿದ್ದವು. ಓಡುವ ಕಾರಿನಲ್ಲಿ ಕೂತು ಅವುಗಳಲ್ಲಿ ಒಂದರ ದನಿಯನ್ನೂ ಅವಳು ಕೇಳಿರಲಿಲ್ಲ. ಟ್ರಯಲ್‌ಗೆ ಗಿರಾಕಿಯ ಜೊತೆ ಹೋಗುವವನು ಧನರಾಜ. ಪರ ಗಂಡಸರ ಕಾರಿನಲ್ಲಿ ಹೆಂಗಸು ಹೆದ್ದಾರಿಗೆ ಹೋಗುವುದು ಆ ಓಣಿಯಲ್ಲಿ ಆಗದ ಮಾತು. ಅವನು ಮರಳಿ ಬಂದಾಗ ಅವಳು ಕೈಯ ಹುಡಿ ಝಾಡಿಸುತ್ತ ಕೇಳುತ್ತಿದ್ದಳು, "ಹ್ಯಾಂಗ ಕೇಳಸ್ತು?"

"ಛಲೋ ಅದ," ಎನ್ನುತ್ತಿದ್ದ ಅವನು.

"ಛಲೋ ಅಂದ್ರ? ತಳದ ದನಿ ಎದಿಗಿ ಬಂತೊ, ಬರೇ ಕಿವಿಗಿ ಬಂತೊ?"

"ಅರೆ, ಛಲೋ ಅದ ಅಂದ್ನಲ್ಲ."

ಅವನು ಕೆಟ್ಟವನಲ್ಲ. ಅವನಿಗೆ ಅಷ್ಟೇ ಮಾತು ಬರುತ್ತಿತ್ತು. ಮದುವೆಯಾಗಿ ಹದಿನಾರು ವರ್ಷ ಅದೇ ಅಳತೆಯ ಮಾತನ್ನು ಕೇಳಿಕೊಂಡು ಬಂದಿದ್ದಳು. ಅಡುಗೆಗೂ ಛಲೋ, ಹೊಸ ಸೀರೆಗೂ ಛಲೋ. ಒಮ್ಮೊಮ್ಮೆ ಗರಗಸ ನಿಲ್ಲಿಸಿ ಹೆದ್ದಾರಿಯ ಕಡೆ ನೋಡುತ್ತ ನಿಂತುಬಿಡುತ್ತಿದ್ದಳು. ಆಗ ಯಾರಾದರೂ ಕರೆದರೆ ಎರಡನೆಯ ಸಲಕ್ಕೆ ಓಗೊಡುತ್ತಿದ್ದಳು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಕಾರು ಬಂದು ನಿಂತಿತು. ಓಡಿಸಿಕೊಂಡು ಬಂದವರು ಚಂದ್ರಭಾಗಾಬಾಯಿ, ನಿಲಂಗಾದ ದವಾಖಾನೆಯಲ್ಲಿ ನರ್ಸ್. ವಯಸ್ಸು ಐವತ್ತರ ಮೇಲೆ. ವಾರಕ್ಕೊಮ್ಮೆ ಉದಗೀರಿಗೆ ಅಕ್ಕನ ಮನೆಗೆ ಒಬ್ಬರೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು.

"ನೋಡು ತಂಗಿ, ಢೋಲ್-ತಾಶಾ ಬಾಜಾ ಹಚ್ಚಿದರ ಚಟಚಟ ತಾಶಾ ಅಷ್ಟೆ ಬಡಕೊಳ್ತದ. ಢೋಲ್ ಎಲ್ಲಿ ಹೋಗ್ಯಾದೊ ಗೊತ್ತಿಲ್ಲ. ಇಷ್ಟು ದೊಡ್ಡ ಸ್ಪೀಕರ್ ಹಾಕಿಸೀನಿ, ಮತ್ತ!"

ಧನರಾಜ ಸಾಮಾನು ತರಲು ಲಾತೂರಿಗೆ ಹೋಗಿದ್ದ. ವಿಜಯಶ್ರೀ ತಾನೇ ಡಿಕ್ಕಿ ತೆಗೆದಳು. ಬೇರೆ ಊರಲ್ಲಿ ಯಾರೋ ಮಾಡಿದ ಪುಟ್ಟ ಪೆಟ್ಟಿಗೆ. ತಂತಿಗೆ ಮೀಟರ್ ಹಚ್ಚಿ, ಫೋನಿನಿಂದ ಒಂದೊಂದೇ ಸ್ವರ ಬಿಡುತ್ತ ಕೆಳಗಿಳಿದಳು. ಐವತ್ತೆಂಟು ಹರ್ಟ್ಸ್‌ನ ಸ್ವರದ ಹತ್ತಿರ ಮೀಟರಿನ ಮುಳ್ಳು ಎಲ್ಲಕ್ಕಿಂತ ಮೇಲೇರಿತು. ಅದಕ್ಕಿಂತ ಕೆಳಗೆ ಹೋದಂತೆ ದನಿ ಬಡವಾಯಿತು. ಸ್ಪೀಕರನ್ನು ಬಿಚ್ಚಿ, ಬಯಲಿಗಿಟ್ಟು ಮತ್ತೆ ನೋಡಿದರೆ ಮುಳ್ಳು ಏರಿದ್ದು ಮೂವತ್ತರ ಸ್ವರಕ್ಕೆ.

"ಸ್ಪೀಕರ್ ಖರಾಬ್ ಇಲ್ರಿ ಅಕ್ಕಾರ. ಎಲ್ಲಾ ಸ್ಪೀಕರಿಗೂ ತನ್ನದೇ ಒಂದು ಸ್ವರ ಇರ್ತದ್ರಿ. ಅದರ ಕೆಳಗ ಇಳಿದ್ರ ಅದಕ್ಕ ದಮ್ಮು ಸಾಲಂಗಿಲ್ಲ. ಈ ಸ್ಪೀಕರಿನ ಸ್ವರ ಮೂವತ್ತು, ಭಾಳ ತಳದ್ದು. ಆದ್ರ ಸಣ್ಣ ಡಬ್ಬಿಯಾಗ ಗಾಳಿ ಬಿಗೀತದ. ಗಟ್ಟಿ ತುಂಬಿದ ಗಾದಿ ಹ್ಯಾಂಗ ಮ್ಯಾಲ ದಬ್ತದ, ಹಂಗ ದಬ್ಬಿ ಸ್ವರ ಐವತ್ತೆಂಟಕ್ಕ ಏರಿಸ್ಯಾದ. ಢೋಲಿನ ತಳ ಅದರ ಕೆಳಗೇ ಉಳೀತದ್ರಿ."

"ಹಂಗಾದ್ರ ದೊಡ್ಡದು ಮಾಡು."

"ಡಿಕ್ಕಿ ಪೂರಾ ತುಂಬ್ತದ್ರಿ."

"ತುಂಬಲಿ. ಒಬ್ಬಾಕಿ ಹೋಗಾಕಿ, ನಂದೇನು ಗಂಟು-ಮೂಟಿ?"

ಮೂರು ದಿನ ಹಿಡಿಯಿತು. ಮೊದಲಿನದಕ್ಕಿಂತ ಮೂರು ಪಟ್ಟು ದೊಡ್ಡ ಪೆಟ್ಟಿಗೆ. ಒಂದು ಸಂದಿಯಿಂದಲೂ ಗಾಳಿ ಸೋರದಂತೆ ಬೆಸೆದಳು. ಮುಳ್ಳು ಈಗ ಏರಿದ್ದು ನಲವತ್ತರ ಸ್ವರಕ್ಕೆ. ಅಂಗಡಿಯ ಮುಂದೆ ನಿಂತ ಕಾರಿನಲ್ಲೇ ಹಚ್ಚಿ ಕೇಳಿದಾಗ ಸೀಟಿನ ಬೆನ್ನು ಮಿಡಿಯಿತು. ಚಂದ್ರಭಾಗಾಬಾಯಿ ಪಕ್ಕದ ಬಾಗಿಲು ತೆರೆದರು.

"ಕೂಡು. ಮಾಡಿದಾಕಿ ನೀನು, ಕೇಳಾಕಿನೂ ನೀನೇ ಆಗಬೇಕು."

ವಿಜಯಶ್ರೀ ಲಾತೂರಿನಿಂದ ಮರಳಿದ್ದ ಗಂಡನ ಮುಖ ನೋಡಿದಳು. "ಹೋಗಿ ಬಾ," ಎಂದ ಧನರಾಜ.

ಕಾರು ಕಾಸಾರಸಿರಸಿಯ ರಸ್ತೆಗೆ ತಿರುಗಿ ವೇಗ ಹಿಡಿಯಿತು. ಎರಡೂ ಕಡೆ ತೊಗರಿ ಹೂಬಿಟ್ಟು ನಿಂತಿತ್ತು. ವಿಜಯಶ್ರೀ ಕಣ್ಣು ಮುಚ್ಚಿ ಕಾದಳು. ಢೋಲ್ ಬರಲೇ ಇಲ್ಲ. ನಿಂತಾಗ ಅಷ್ಟು ತುಂಬಿ ಬಂದದ್ದು ಈಗ ಎಲ್ಲೋ ಅಡಿಯಲ್ಲಿ ಮುಸುಕು ಹೊದ್ದಂತಿತ್ತು. ಮತ್ತೆ ಕಿವಿಗೊಟ್ಟಾಗ ತಿಳಿಯಿತು, ಗಾಲಿ ಮತ್ತು ರಸ್ತೆ ಉಜ್ಜುವ ಗುಂಯ್ ಸದ್ದೂ ಅದೇ ತಳದಲ್ಲಿ ಹರಿದು, ಢೋಲನ್ನು ನುಂಗುತ್ತಿತ್ತು.

ಏಳು ವರ್ಷ! ಎಲ್ಲ ಪೆಟ್ಟಿಗೆಗಳನ್ನೂ ನಿಂತ ಕಾರಿನಲ್ಲಿ ಕೇಳಿ, ಸರಿಯಿದೆ ಎಂದು ಕಳಿಸಿದ್ದಳು.

"ಯಾಕ ತಂಗಿ, ಸುಮ್ಮನ ಆದಿ?"

"ಒಂದೀಟು ಬಾಜೂಕ ನಿಲ್ಲಸ್ರಿ ಅಕ್ಕಾರ."

ಬೇವಿನ ಮರದಡಿ ನಿಲ್ಲಿಸಿದರು. ವಿಜಯಶ್ರೀ ಹಿಂದೆ ಹೋಗಿ ಆಂಪ್ಲಿಫೈಯರಿನ ಬೇಸ್ ತಿರುಪನ್ನು ಒಂದು ಗೆರೆ ಏರಿಸಿ ಬಂದು ಕೂತಳು. ಸಾಲದೆ ಇನ್ನೊಮ್ಮೆ ನಿಲ್ಲಿಸಿದಳು. ಮೂರನೆಯ ಸಲ ಕಾರು ಓಡತೊಡಗಿದಾಗ ಗಾಲಿಯ ಸದ್ದನ್ನು ಸೀಳಿಕೊಂಡು ಢೋಲ್ ಬಂತು. ಮೊದಲು ಪಾದಕ್ಕೆ, ಆಮೇಲೆ ಪಕ್ಕೆಲುಬಿಗೆ. ತೊಗರಿಹೊಲಗಳು ಹಿಂದೆ ಸರಿಯುತ್ತಿದ್ದವು, ಅವಳು ಮುಂದೆ ಮುಂದೆ ಹೋಗುತ್ತಿದ್ದಳು. ಕಣ್ಣಲ್ಲಿ ನೀರು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ, ಚಂದ್ರಭಾಗಾಬಾಯಿಗೆ ಗೊತ್ತಾಯಿತು.

"ಉದಗೀರ ತನಕ ನಡಿ. ನಮ್ಮ ಅಕ್ಕಾ ಊಟಕ್ಕ ಹುಳಿಬಾನ ಮಾಡ್ಯಾಳ. ಸಂಜಿಕ ತಂದು ಬಿಡ್ತೀನಿ."

ಉದಗೀರು ಇನ್ನೂ ದೂರವಿತ್ತು. ಅಷ್ಟು ದೂರ, ಅಷ್ಟು ಹೊತ್ತು. ಅವಳ ಬಾಯಿಗೆ 'ಹೂಂ' ಬಂದೇಬಿಟ್ಟಿತ್ತು. ಆದರೆ ಅಂದೇ ಸಂಜೆ ಜಳಕೋಟದ ಗಿರಾಕಿಗೆ ಪೆಟ್ಟಿಗೆ ಕೊಡಬೇಕಿತ್ತು, ಅರ್ಧ ಕೊಯ್ದ ಹಲಗೆ ಮೇಜಿನ ಮೇಲೇ ಉಳಿದಿತ್ತು.

"ಆಗಂಗಿಲ್ರಿ ಅಕ್ಕಾರ," ಎಂದಳು.

ಕಾಸಾರಸಿರಸಿಯಲ್ಲಿ ಇಳಿದು ಎಸ್‌ಟಿ ಬಸ್ಸು ಹಿಡಿದು ಮರಳಿದಳು. ಆ ದಿನದಿಂದ ಅವಳದೊಂದು ಹಟ: ಹೆಂಗಸರು ಜೊತೆಗೆ ಬಂದ ಕಾರಾದರೆ ತಾನೂ ಕೂತು ರಸ್ತೆಯಲ್ಲಿ ಕೇಳದೆ ಪೆಟ್ಟಿಗೆ ಕೊಡುವುದಿಲ್ಲ. ಧನರಾಜ ಬೇಡವೆನ್ನಲಿಲ್ಲ. ಅಂಥ ಕಾರು ಬರುವುದು ಮಾತ್ರ ತಿಂಗಳಿಗೆ ಒಂದೋ ಎರಡೋ.

ಉಳಿದ ಕಾರುಗಳು ಹೊರಟಾಗ ಅಂಗಡಿಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಹಾಡು ಮೊದಲು ಅಳಿಯುತ್ತದೆ, ಆಮೇಲೆ ತಾಳ. ಕಾರು ಕಣ್ಮರೆಯಾದ ಮೇಲೂ ಬೇಸ್ ಒಂದಿಷ್ಟು ಹೊತ್ತು ಗಾಳಿಯಲ್ಲಿ ಉಳಿದಿರುತ್ತದೆ. ಅದೂ ನಿಂತ ಮೇಲೆ ಒಳಗೆ ಹೋಗಿ ಗರಗಸ ಹಚ್ಚುತ್ತಾಳೆ.